ಎಮಿಷನ್ ಟೆಸ್ಟ್ ಪಾಸಾದ ಪೆಟ್ರೋಲ್ ಕಾರಿನ ಹೊಗೆಯಲ್ಲಿ ಅಮೋನಿಯಾ: ತುಮಕೂರಿನಲ್ಲೇ ಅಳೆಯೋದು ಹೇಗೆ?

ಬಟವಾಡಿ ಹುಡುಗಿ, ತುಮಕೂರು

ಎಲ್ಲರಿಗೂ ನಮಸ್ಕಾರ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಕೊನೇ ವರ್ಷದಲ್ಲಿದ್ದೀನಿ. ಅಪ್ಪನದು ಬಟವಾಡಿ ಹತ್ತಿರ ಗ್ಯಾರೇಜು. ಮೂರು ತಿಂಗಳ ಹಿಂದೆ 2018ರ ಒಂದು ಬಿಎಸ್4 ಪೆಟ್ರೋಲ್ ಕಾರು ಬಂತು. ಓನರ್ ದೂರು ಇಷ್ಟೇ: “ಬೆಟ್ಟ ಹತ್ತಿಸಿ ನಿಲ್ಲಿಸಿದಾಗ ಗಾಡಿ ಹಿಂದೆ ಕೊಟ್ಟಿಗೆ ಘಾಟು ಹೊಡೆಯುತ್ತೆ.” ಎಮಿಷನ್ ಸರ್ಟಿಫಿಕೇಟ್ ಎರಡೇ ವಾರ ಹಳೇದು. ಕಾರ್ಬನ್ ಮೊನಾಕ್ಸೈಡ್ 0.3% ಮಿತಿಯ ಒಳಗೆ, ಹೈಡ್ರೋಕಾರ್ಬನ್ 200 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ) ಒಳಗೆ. ಅಪ್ಪ ಗಾಡಿನ ಒಂದು ರೌಂಡ್ ಜೋರಾಗಿ ಓಡಿಸಿಕೊಂಡು ಬಂದು, ಸೈಲೆನ್ಸರ್ ಬಾಯಿ ಮುಂದೆ ಕೈಯಾಡಿಸಿ ಮೂಸಿ ನೋಡಿ “ಇದು ಗಂಜಲದ ವಾಸನೆನೇ” ಅಂದರು.

ಅದನ್ನೇ ಪ್ರಾಜೆಕ್ಟ್ ಮಾಡಿಕೊಂಡೆ. ಎಂಕ್ಯೂ-135 ಅನ್ನೋ ಗ್ಯಾಸ್ ಸೆನ್ಸರ್ ತಂದು ಆರ್ಡುಯಿನೋ ಅನ್ನೋ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಜೋಡಿಸಿ ಸೈಲೆನ್ಸರ್ ಹತ್ತಿರ ಹಿಡಿದೆ. ಯಾವ ಗಾಡಿಗೆ ಹಿಡಿದರೂ ನಂಬರ್ ಮೇಲಕ್ಕೆ ಹಾರುತ್ತೆ. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ಹತ್ತಿರ ತಂದರೂ ಅಷ್ಟೇ ಹಾರಿತು. ಆ ನಂಬರನ್ನೇ ಹಾಕಿ ರಿಪೋರ್ಟ್ ಮುಗಿಸು ಅಂತ ಗೈಡ್ ಹೇಳ್ತಿದ್ದಾರೆ. ನನಗೆ ಮನಸ್ಸು ಒಪ್ತಿಲ್ಲ. ಪೆಟ್ರೋಲಿನಲ್ಲಿ ಇಲ್ಲದ ಅಮೋನಿಯಾ ಎಲ್ಲಿಂದ ಬಂತು, ಲಕ್ಷಾಂತರ ರೂಪಾಯಿ ಮೆಷಿನ್ ಇಲ್ಲದೆ ಅಳೆಯೋಕೆ ದಾರಿ ಇದೆಯಾ, ಕಾರಿನ ಒಬಿಡಿ ಪೋರ್ಟ್ (ಎಂಜಿನ್ ಮಾಹಿತಿ ಓದೋ ಸಾಕೆಟ್) ಡೇಟಾ ನೋಡಿ ಇದನ್ನ ಮೊದಲೇ ಊಹಿಸಬಹುದಾ? ತಿಳಿದವರು ದಯವಿಟ್ಟು ಹೇಳಿ.

ಕೆಮಿಸ್ಟ್ರಿ ಮೇಷ್ಟ್ರು, ಕೋಲಾರ

ಆ ನಂಬರ್ ಹಾಕಬೇಡಮ್ಮ. ನಿನ್ನ ಅನುಮಾನ ಸರಿಯಾಗಿದೆ. ಎಂಕ್ಯೂ-135 ಒಳಗಿರೋದು ಟಿನ್ ಆಕ್ಸೈಡ್. ಆಲ್ಕೋಹಾಲ್, ಕಾರ್ಬನ್ ಮೊನಾಕ್ಸೈಡ್, ಬೆಂಜೀನ್, ಅಮೋನಿಯಾ ಯಾವುದು ತಾಗಿದರೂ ಅದರ ರೋಧ ಇಳಿಯುತ್ತೆ. ಕಾರಿನ ಹೊಗೆಯಲ್ಲಿ ಅದರ ಮುಂದೆ ಜಾತ್ರೆಯೇ ನೆರೆದಿರುತ್ತೆ. ಯಾರು ತಟ್ಟಿದರು ಅಂತ ಅದು ಹೇಳಲಾರದು.

ಅಮೋನಿಯಾ ಎಂಜಿನ್ನಿನಲ್ಲಿ ಹುಟ್ಟೋದಲ್ಲ, ಅದನ್ನು ಹುಟ್ಟಿಸೋದು ಕ್ಯಾಟಲಿಟಿಕ್ ಕನ್ವರ್ಟರ್, ಅಂದರೆ ಹೊಗೆಯ ವಿಷ ಕಳೆಯೋಕೆ ಸೈಲೆನ್ಸರ್ ದಾರಿಯಲ್ಲಿ ಕೂರಿಸಿರೋ ಡಬ್ಬಿ. ಸಿಲಿಂಡರಿನ ಬಿಸಿಗೆ ಗಾಳಿಯ ನೈಟ್ರೋಜನ್ ಮತ್ತು ಆಕ್ಸಿಜನ್ ಸೇರಿ ನೈಟ್ರಿಕ್ ಆಕ್ಸೈಡ್ ಆಗುತ್ತೆ. ಕನ್ವರ್ಟರಿನಲ್ಲಿರುವ ರೋಡಿಯಂ ಅದನ್ನು ಸೀಳುತ್ತೆ. ಬಿಡಿಯಾದ ನೈಟ್ರೋಜನ್ ಪರಮಾಣುಗಳು ಎರಡೆರಡು ಜೋಡಿಯಾದರೆ ನಾವು ಉಸಿರಾಡೋ ನೈಟ್ರೋಜನ್ನೇ ಹೊರಗೆ ಬರುತ್ತೆ. ಕಂಪನಿಯವರು ಬಯಸೋದು ಅದನ್ನೇ. ಆದರೆ ಒಂದು ಕೆಜಿ ಪೆಟ್ರೋಲಿಗೆ 14.7 ಕೆಜಿ ಗಾಳಿ ಅನ್ನೋ ಲೆಕ್ಕ ತಪ್ಪಿ ಪೆಟ್ರೋಲ್ ಜಾಸ್ತಿಯಾಯಿತು, ಅಂದರೆ ಮಿಕ್ಸ್ಚರ್ ರಿಚ್ ಆಯಿತು ಅಂತಿಟ್ಟುಕೋ. ಆಗ ಉಳಿದ ಕಾರ್ಬನ್ ಮೊನಾಕ್ಸೈಡ್ ಹೊಗೆಯಲ್ಲಿರುವ ನೀರಾವಿ ಜೊತೆ ಅದೇ ಕನ್ವರ್ಟರ್ ಮೇಲೆ ಸೇರಿ ಹೈಡ್ರೋಜನ್ ಕೊಡುತ್ತೆ. ಸುತ್ತ ಹೈಡ್ರೋಜನ್ ದಂಡಿಯಾಗಿದ್ದಾಗ ಒಂಟಿ ನೈಟ್ರೋಜನ್ ತನ್ನ ಜೊತೆಗಾರನಿಗೆ ಕಾಯೋದಿಲ್ಲ, ಮೂರು ಹೈಡ್ರೋಜನ್ ಹಿಡಿದುಕೊಂಡು ಅಮೋನಿಯಾ ಆಗಿ ಹೊರಟುಬಿಡುತ್ತೆ.

ತರಗತಿಯಲ್ಲಿ ಹುಡುಗರು ಕೇಳೋದುಂಟು: ಯೂರಿಯಾ ಕಾರ್ಖಾನೆಯಲ್ಲಿ ಅಮೋನಿಯಾ ಮಾಡೋಕೆ ನೂರಾರು ವಾಯುಭಾರದ ಒತ್ತಡ ಬೇಕಲ್ಲ, ಸೈಲೆನ್ಸರಿನಲ್ಲಿ ಹೇಗೆ ಆಗುತ್ತೆ ಸಾರ್ ಅಂತ. ಕಾರ್ಖಾನೆಯಲ್ಲಿ ನೈಟ್ರೋಜನ್ನಿನ ಮೂರೆಳೆಯ ಬಂಧ ಮುರಿಯೋದೇ ಕಷ್ಟದ ಕೆಲಸ. ಇಲ್ಲಿ ಆ ಬಂಧವನ್ನು ಎಂಜಿನ್ ಬೆಂಕಿ ಮೊದಲೇ ಮುರಿದು ಕೊಟ್ಟಿರುತ್ತೆ.

ಒಟ್ಟಿನಲ್ಲಿ ನೈಟ್ರಿಕ್ ಆಕ್ಸೈಡ್, ರಿಚ್ ಮಿಕ್ಸ್ಚರ್, ಬಿಸಿಯಾದ ಕನ್ವರ್ಟರ್, ಮೂರೂ ಒಟ್ಟಿಗೆ ಬೇಕು. ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಮಿಕ್ಸ್ಚರ್ ರಿಚ್ ಇದ್ದರೂ ಕನ್ವರ್ಟರ್ ತಣ್ಣಗಿರುತ್ತೆ, ಅಮೋನಿಯಾ ಬರಲ್ಲ. ಅದು 250, 300 ಡಿಗ್ರಿ ದಾಟಿ ಕೆಲಸ ಶುರು ಮಾಡಿದಾಗ ಮಿಕ್ಸ್ಚರ್ ಇನ್ನೂ ರಿಚ್ ಇದ್ದರೆ ಒಂದೇ ಸಲ ಏರುತ್ತೆ.

ಗುಬ್ಬಿ ಗೇಟ್ ಮೆಕ್ಯಾನಿಕ್, ತುಮಕೂರು

ತಂಗಿ, ನಿಮ್ಮಪ್ಪ ಮೂಸಿ ಹೇಳಿದ್ರಲ್ಲ, ಅದು ದೊಡ್ಡ ವಿಷಯ. ಕೊಳೆತ ಮೊಟ್ಟೆ ವಾಸನೆ ಬಂದ್ರೆ ಅದು ಪೆಟ್ರೋಲಲ್ಲಿರೋ ಗಂಧಕದ್ದು. ಗಂಜಲದ ಘಾಟು ಬೇರೆ, ಕಣ್ಣಿಗೂ ಹತ್ತತೆ. ನಾನು ಇಪ್ಪತ್ತು ವರ್ಷದಿಂದ ಎರಡೂ ನೋಡಿವ್ನಿ, ಆದ್ರೆ ಯಾಕೆ ಅಂತ ಇವತ್ತು ಗೊತ್ತಾಯ್ತು ಮೇಷ್ಟ್ರೇ.

ಆ ಗಾಡಿ ಮುಂದಿನ ಆಕ್ಸಿಜನ್ ಸೆನ್ಸರ್ ನೋಡಿ, ಕನ್ವರ್ಟರಿಗೆ ಮುಂಚೆ ಕೂತು ಮಿಕ್ಸ್ಚರ್ ಹೆಂಗೈತೆ ಅಂತ ಹೇಳೋದು. ವಯಸ್ಸಾದ ಸೆನ್ಸರ್ ನಿಧಾನ ಆಗೋಗತೆ, ಇಸಿಯು (ಎಂಜಿನ್ ನಡೆಸೋ ಕಂಪ್ಯೂಟ್ರು) ತಿದ್ದೋ ಹೊತ್ಗೆ ತಡ ಆಗಿರತೆ. ಐಡಲ್‌ನಲ್ಲಿ ಏನೂ ಗೊತ್ತಾಗಲ್ಲ, ಪೆಡಲ್ ಒತ್ತಿದಾಗಲೇ ಬಣ್ಣ ಬಯಲಾಗೋದು. ಎಮಿಷನ್ ಟೆಸ್ಟ್ ಮಾಡೋದು ನಿಂತ ಗಾಡಿಗೆ ಅಲ್ವಾ? ಇಂಜೆಕ್ಟರ್ ಸೋರ್ತಿದ್ರೂ ರಿಚ್ ಆಗತೆ, ಪೆಟ್ರೋಲ್ ಆವಿನ ಎಂಜಿನ್ನಿಗೆ ಬಿಡೋ ಪರ್ಜ್ ವಾಲ್ವ್ ತೆರೆದೇ ಉಳಿದ್ರೂ ಆಗತೆ.

ಇನ್ನೊಂದು. ಇದನ್ನ ಓದಿ ಯಾರಾದ್ರೂ ಕ್ಯಾಟ್‌ಕಾನ್ (ಅದೇ ಕನ್ವರ್ಟರ್) ಕಿತ್ತಾಕ್ಸಕ್ಕೆ ಬಂದ್ರೆ ನಾನು ಮಾಡ್ಕೊಡಲ್ಲ. ಅಮೋನಿಯಾ ನಿಲ್ಲತೆ, ಆದ್ರೆ ಅದರ ಹತ್ತರಷ್ಟು ವಿಷ ಹಸಿಹಸಿಯಾಗಿ ಹೊರಗೆ ಬರತೆ.

ಶಿಡ್ಲಘಟ್ಟದ ರೇಷ್ಮೆ ರೈತ

ನನ್ನದೊಂದು ಪ್ರಶ್ನೆ ಇದೆ, ಬೇಸರ ಮಾಡಿಕೊಳ್ಳಬೇಡಿ. ಗಾಳಿಗೆ ಸೇರುವ ಅಮೋನಿಯಾದಲ್ಲಿ ಬಹುಪಾಲು ನಮ್ಮ ಹೊಲದ ಯೂರಿಯಾ, ದನದ ಸಗಣಿ ಗಂಜಲದಿಂದಲೇ ಬರೋದು ಅಂತ ಕೃಷಿ ಇಲಾಖೆಯವರೇ ಹೇಳ್ತಾರೆ. ಹುಳು ಮನೆಯಲ್ಲಿ ಹಾಸಿಗೆ ಬದಲಿಸೋದು ಎರಡು ದಿನ ತಡವಾದರೆ ನಮಗೇ ಮೂಗಿಗೆ ಹೊಡೆಯುತ್ತೆ, ಹುಳುವಿಗೂ ರೋಗ. ಹೀಗಿರುವಾಗ ಕಾರಿನ ಹಿಂದೆ ಬೀಳೋದು ಯಾಕೆ?

ಕ್ಯಾಲಿಬ್ರೇಶನ್ ಕೆಲಸದವನು, ದಿನಾ ತುಮಕೂರು–ಬೆಂಗಳೂರು ಟ್ರೈನು

ಅಣ್ಣ, ನೀವು ಹೇಳಿದ್ದು ನಿಜ. ಒಟ್ಟು ಲೆಕ್ಕದಲ್ಲಿ ಕೃಷಿಯದೇ ದೊಡ್ಡ ಪಾಲು. ಆದರೆ ಜಾಗ ಮತ್ತು ಹೊತ್ತು ನೋಡಬೇಕು. ಹೊಲದ ಅಮೋನಿಯಾ ಹೊಲದಲ್ಲಿ ಏಳುತ್ತೆ. ಕಾರು ಅಮೋನಿಯಾನೂ ಬಿಡುತ್ತೆ, ನೈಟ್ರೋಜನ್ ಆಕ್ಸೈಡನ್ನೂ ಬಿಡುತ್ತೆ, ಎರಡನ್ನೂ ಬಿ.ಎಚ್. ರಸ್ತೆಯಂಥ ಜನ ನಡೆಯೋ ಜಾಗದಲ್ಲೇ ಬಿಡುತ್ತೆ. ಆ ನೈಟ್ರೋಜನ್ ಆಕ್ಸೈಡ್ ಗಾಳಿಯಲ್ಲಿ ನೈಟ್ರಿಕ್ ಆಮ್ಲವಾಗಿ, ಅಮೋನಿಯಾ ಜೊತೆ ಸೇರಿ ಅಮೋನಿಯಂ ನೈಟ್ರೇಟಿನ ಸಣ್ಣ ಕಣ ಆಗುತ್ತೆ. ಶ್ವಾಸಕೋಶದ ಆಳಕ್ಕಿಳಿಯೋ ಪಿಎಂ2.5 ಅಂದರೆ ಇಂಥದ್ದೇ. ತಂಪು, ತೇವ ಇದ್ದಷ್ಟೂ ಇದು ಚೆನ್ನಾಗಿ ಕಟ್ಟಿಕೊಳ್ಳುತ್ತೆ. ಅಂದರೆ ಡಿಸೆಂಬರ್, ಜನವರಿಯ ಬೆಳಗಿನ ಜಾವ, ಶಾಲೆ ಮಕ್ಕಳು ವ್ಯಾನಿಗೆ ಕಾಯೋ ಹೊತ್ತು. ಚಿಕ್ಕಬಳ್ಳಾಪುರದ ಕಡೆಯವರು ಭಾನುವಾರ ಬೆಳಿಗ್ಗೆ ನಂದಿ ಬೆಟ್ಟದ ಬುಡದಲ್ಲಿ ನಿಲ್ಲೋ ಕಾರುಗಳ ಸಾಲು ನೆನಪಿಸಿಕೊಳ್ಳಿ. ಎಲ್ಲಾ ಕನ್ವರ್ಟರ್ ಬಿಸಿ, ಎಲ್ಲಾ ಗಾಡಿ ಏರಿನಲ್ಲಿ, ಸುತ್ತ ಮಂಜು.

ಕಾನೂನಿನ ವಿಷಯ. 2009ರಿಂದ ನಮ್ಮ ದೇಶದ ಗಾಳಿಯ ಮಾನದಂಡದಲ್ಲಿ ಅಮೋನಿಯಾ ಇದೆ: ಘನ ಮೀಟರಿಗೆ ದಿನದ ಸರಾಸರಿ 400 ಮೈಕ್ರೋಗ್ರಾಂ, ವರ್ಷದ್ದು 100. ಗಾಳಿಗೆ ಮಿತಿ ಇದೆ, ಪೆಟ್ರೋಲ್ ಕಾರಿನ ಸೈಲೆನ್ಸರಿಗೆ ಇಲ್ಲ. ಬಿಎಸ್6 ಬಂದಿದ್ದು 2020ರ ಏಪ್ರಿಲ್‌ನಲ್ಲಿ. ಅದರಲ್ಲಿ ಪೆಟ್ರೋಲ್ ಕಾರು ಕಿಲೋಮೀಟರಿಗೆ ಒಂದು ಗ್ರಾಂ ಕಾರ್ಬನ್ ಮೊನಾಕ್ಸೈಡ್, 0.06 ಗ್ರಾಂ ನೈಟ್ರೋಜನ್ ಆಕ್ಸೈಡ್ ದಾಟಬಾರದು. ಅಮೋನಿಯಾ ಹೆಸರೇ ಇಲ್ಲ. ಹೊಗೆ ಶುದ್ಧಿಗೆ ಯೂರಿಯಾ ದ್ರಾವಣ ಬಳಸೋ ದೊಡ್ಡ ಡೀಸೆಲ್ ಲಾರಿಗಳಿಗಾದರೆ 10 ಪಿಪಿಎಂ ಮಿತಿ ಇದೆ. ಯುರೋಪಿನಲ್ಲೂ 2022ರ ಯುರೋ 7 ಕರಡಿನಲ್ಲಿ ಕಾರಿಗೆ ಕಿಲೋಮೀಟರಿಗೆ 20 ಮಿಲಿಗ್ರಾಂ ಅಂತ ಬರೆದಿದ್ದರು, 2024ರಲ್ಲಿ ಕಾಯ್ದೆ ಆಗೋ ಹೊತ್ತಿಗೆ ಕಾರಿನ ಮಟ್ಟಿಗೆ ಅದನ್ನು ಕೈಬಿಟ್ಟರು. ನನ್ನ ಅಭಿಪ್ರಾಯದಲ್ಲಿ ಅದು ದೊಡ್ಡ ತಪ್ಪು. ಅಳೆಯದೇ ಇರೋದನ್ನ ಯಾವ ಇಂಜಿನಿಯರೂ ಕಡಿಮೆ ಮಾಡೋಕೆ ಹೋಗಲ್ಲ. ನೈಟ್ರೋಜನ್ ಆಕ್ಸೈಡ್ ಕಾಣಬಾರದು ಅಂತ ಮಿಕ್ಸ್ಚರನ್ನ ಒಂದು ಕೂದಲೆಳೆ ರಿಚ್ ಕಡೆಗೆ ಇಟ್ಟರೆ ಟೆಸ್ಟ್ ಪಾಸಾಗುತ್ತೆ, ಬಿಲ್ ಅಮೋನಿಯಾ ರೂಪದಲ್ಲಿ ಬರುತ್ತೆ.

ತಂಗಿ, ಈಗ ಅಳತೆಗೆ ಬರ್ತೀನಿ. ಲ್ಯಾಬುಗಳಲ್ಲಿ ಎಫ್‌ಟಿಐಆರ್ ಅಥವಾ ಕ್ವಾಂಟಮ್ ಕ್ಯಾಸ್ಕೇಡ್ ಲೇಸರ್ ಬಳಸ್ತಾರೆ. ಎರಡೂ ಅಮೋನಿಯಾ ಹೀರುವ ಅವಕೆಂಪು ಬೆಳಕನ್ನ ನೋಡಿ ಪ್ರಮಾಣ ಹೇಳ್ತವೆ. ಆದರೆ ಅಷ್ಟು ಬೆಲೆಯ ಮೆಷಿನ್ನಿಗಿಂತ ಅದಕ್ಕೆ ಹೋಗೋ ಪೈಪೇ ತಲೆನೋವು. ಅಮೋನಿಯಾ ಜಿಗುಟು ಗ್ಯಾಸು. ಸ್ಟೀಲಿಗೂ ಅಂಟುತ್ತೆ, ರಬ್ಬರಿಗೂ ಅಂಟುತ್ತೆ, ಒಂದು ಹನಿ ನೀರು ಕಂಡರೆ ಅದರೊಳಗೆ ಕರಗಿ ಕೂತುಬಿಡುತ್ತೆ. ಪೆಟ್ರೋಲ್ ಹೊಗೆಯಲ್ಲಿ ನೂರಕ್ಕೆ ಹನ್ನೆರಡು ಹದಿಮೂರು ಭಾಗ ನೀರಾವಿ ಇರುತ್ತೆ. ಅದಕ್ಕೇ ಪೈಪನ್ನ 110 ಡಿಗ್ರಿಗಿಂತ ಮೇಲೆ ಬಿಸಿಯಾಗಿಟ್ಟಿರ್ತಾರೆ. ಬಲೂನಿನಂಥ ಚೀಲದಲ್ಲಿ ಹೊಗೆ ಹಿಡಿದು ಆಮೇಲೆ ಅಳೆಯೋ ಯೋಚನೆ ಇದ್ದರೆ ಬಿಟ್ಟುಬಿಡಿ, ಅರ್ಧ ಅಮೋನಿಯಾ ಚೀಲದ ಗೋಡೆಗೇ ಹೋಗಿರುತ್ತೆ. ಅಮೆರಿಕದ ಡೆನ್ವರ್ ವಿಶ್ವವಿದ್ಯಾಲಯದವರು ಪೈಪೇ ಬೇಡ ಅಂತ ರಸ್ತೆಗೆ ಅಡ್ಡಲಾಗಿ ನೇರಳಾತೀತ ಬೆಳಕು ಹಾಯಿಸಿ, ಹಾದುಹೋಗೋ ಗಾಡಿಗಳ ಹೊಗೆಯಲ್ಲೇ ಅಮೋನಿಯಾ ಅಳೆದರು.

ನಮ್ಮ ಮಟ್ಟಕ್ಕೆ ಏನು ದಾರಿ ಅಂತ ನನಗೂ ತೋಚ್ತಿಲ್ಲ.

ಹಿಂಡಿ-ಬೂಸಾ ಲ್ಯಾಬ್, ತುಮಕೂರು

ನಾನು ಹೇಳ್ತೀನಿ. ಹಾಲು, ಹಿಂಡಿ, ಬೂಸಾದಲ್ಲಿ ಪ್ರೋಟೀನ್ ಎಷ್ಟಿದೆ ಅಂತ ನೋಡೋ ಲ್ಯಾಬಿನಲ್ಲಿ ಹದಿನಾಲ್ಕು ವರ್ಷದಿಂದ ಕೆಲಸ ಮಾಡ್ತಿದ್ದೀನಿ. ನಾವು ದಿನಾ ಮಾಡೋದು ಅಮೋನಿಯಾ ಅಳೆಯೋದೇ. 1883ರಲ್ಲಿ ಡೆನ್ಮಾರ್ಕಿನ ಕೆಲ್ಡಾಲ್ ಕಂಡುಹಿಡಿದ ವಿಧಾನ. ಪ್ರೋಟೀನಿನ ನೈಟ್ರೋಜನ್ನನ್ನ ಆಮ್ಲದಲ್ಲಿ ಬೇಯಿಸಿ ಅಮೋನಿಯಂ ಮಾಡಿ, ಕ್ಷಾರ ಹಾಕಿ ಆವಿಯಲ್ಲಿ ಅಮೋನಿಯಾ ಹೊರಡಿಸಿ, ಬೋರಿಕ್ ಆಮ್ಲದಲ್ಲಿ ಹಿಡಿದು ಟೈಟ್ರೇಟ್ ಮಾಡ್ತೀವಿ, ಅಂದರೆ ಬ್ಯೂರೆಟ್ಟಿನಿಂದ (ಅಳತೆ ಗೆರೆಯ ಗಾಜಿನ ಕೊಳವೆ) ಆಮ್ಲ ಹನಿಹನಿಯಾಗಿ ಬಿಟ್ಟು, ಬಣ್ಣ ತಿರುಗೋಕೆ ಎಷ್ಟು ಬೇಕಾಯಿತು ಅಂತ ಓದ್ತೀವಿ. ಬಂದ ನೈಟ್ರೋಜನ್ನನ್ನ ಹಾಲಿಗಾದರೆ 6.38ರಿಂದ, ಹಿಂಡಿಗಾದರೆ 6.25ರಿಂದ ಗುಣಿಸಿದರೆ ಪ್ರೋಟೀನು. ನಿಮಗೆ ಬೇಯಿಸೋ ಕೆಲಸವೂ ಇಲ್ಲ, ಅಮೋನಿಯಾ ತಯಾರಾಗೇ ಬರ್ತಿದೆ.

ಹೀಗೆ ಮಾಡಿ. ಎರಡು ಗಾಜಿನ ಬಬ್ಲರ್ ಬಾಟಲಿ ಸಾಲಾಗಿ ಜೋಡಿಸಿ, ಒಂದೊಂದಕ್ಕೂ 0.1 ನಾರ್ಮಲ್ (ಆಮ್ಲದ ಸಾರದ ಅಳತೆ) ಗಂಧಕಾಮ್ಲ 50 ಎಂಎಲ್ ಹಾಕಿ. ಟೆಫ್ಲಾನ್ ಟ್ಯೂಬನ್ನ ಸೈಲೆನ್ಸರ್ ಒಳಗೆ ಒಂದು ಅಡಿಯಾದರೂ ತೂರಿಸಿ, ಇಲ್ಲಾಂದ್ರೆ ಹೊರಗಿನ ಗಾಳಿ ಬೆರೆಯುತ್ತೆ. ಬಾಟಲಿ ಆದಷ್ಟೂ ಸೈಲೆನ್ಸರಿಗೆ ಹತ್ತಿರ ಇರಲಿ. ಬಾಟಲಿ ಆದಮೇಲೆ ಸಿಲಿಕಾ ಜೆಲ್, ಆಮೇಲೆ ಫ್ಲೋ ಮೀಟರ್, ಕೊನೆಗೆ 12 ವೋಲ್ಟ್ ಪಂಪು. ನಿಮಿಷಕ್ಕೆ 2 ಲೀಟರ್ ಎಳೆದರೆ ಸಾಕು.

ಅಳತೆಗೆ ಸಿಗುವಷ್ಟು ಬರುತ್ತಾ ಅಂತ ಲೆಕ್ಕ ಹಾಕಿದೆ. ಹತ್ತು ನಿಮಿಷಕ್ಕೆ 20 ಲೀಟರ್ ಹೊಗೆ. ಅದರಲ್ಲಿ 50 ಪಿಪಿಎಂ ಇದೆ ಅಂದುಕೊಳ್ಳಿ, ಒಂದು ಎಂಎಲ್ ಅಮೋನಿಯಾ ಗ್ಯಾಸ್ ಆಯಿತು, ಅಂದರೆ ಸುಮಾರು 0.7 ಮಿಲಿಗ್ರಾಂ. ನಾವು ಸಾಮಾನ್ಯವಾಗಿ ಬಳಸೋ 0.1 ನಾರ್ಮಲ್ ಆಮ್ಲದಲ್ಲಿ ಟೈಟ್ರೇಟ್ ಮಾಡಿದರೆ ಬರೀ 0.4 ಎಂಎಲ್, ನಂಬೋ ಹಾಗಿಲ್ಲ. 0.01 ನಾರ್ಮಲ್ ಬಳಸಿ, 4 ಎಂಎಲ್ ಬರುತ್ತೆ. ಬ್ಯೂರೆಟ್ಟಿನಲ್ಲಿ ಆರಾಮಾಗಿ ಓದಬಹುದು.

ನೇರವಾಗಿ ಬೋರಿಕ್ ಆಮ್ಲಕ್ಕೆ ಹೊಗೆ ಬಿಡಬೇಡಿ. ಹೊಗೆಯಲ್ಲಿ ಆಮ್ಲದ ಗ್ಯಾಸುಗಳೂ ಇರ್ತವೆ, ಟೈಟ್ರೇಶನ್ ಕೆಡಿಸ್ತವೆ. ಗಂಧಕಾಮ್ಲದಲ್ಲಿ ಹಿಡಿದು ತಂದರೆ ನಮ್ಮ ಯೂನಿಟ್ಟಿನಲ್ಲಿ ಕಾಸ್ಟಿಕ್ ಸೋಡಾ ಹಾಕಿ ಡಿಸ್ಟಿಲ್ ಮಾಡ್ತೀವಿ. ಆ ಗ್ಯಾಸುಗಳ ಆಮ್ಲವೆಲ್ಲ ಹಿಂದೆ ಉಳಿದು ಅಮೋನಿಯಾ ಮಾತ್ರ ದಾಟುತ್ತೆ.

ಮತ್ತೆ ಮುಖ್ಯವಾದ ಮಾತು: ಪ್ರತಿ ಸಲ ಮುಗಿದ ಮೇಲೆ ಟ್ಯೂಬಿನ ಒಳಗೆ ಕಟ್ಟಿದ ನೀರನ್ನ ಚೆಲ್ಲಬೇಡಿ. ಅದೇ ಆಮ್ಲದಲ್ಲಿ ತೊಳೆದು ಮೊದಲ ಬಾಟಲಿಗೇ ಸೇರಿಸಿ. ಕ್ಯಾಲಿಬ್ರೇಶನ್ ಸರ್ ಹೇಳಿದ ಜಿಗುಟು ಅಮೋನಿಯಾ ಅಲ್ಲೇ ಇರೋದು.

ಕೆಮಿಸ್ಟ್ರಿ ಮೇಷ್ಟ್ರು, ಕೋಲಾರ

ಬಹಳ ಸೊಗಸಾದ ದಾರಿ ಮೇಡಂ. ಸಣ್ಣದೊಂದು ತಿದ್ದುಪಡಿ. ನಿಮ್ಮ ಲೆಕ್ಕ ಸಮುದ್ರಮಟ್ಟದ ಒತ್ತಡದ್ದು. ತುಮಕೂರು, ಕೋಲಾರ ಎರಡೂ ಸುಮಾರು 800 ಮೀಟರ್ ಎತ್ತರದಲ್ಲಿವೆ, ಇಲ್ಲಿ ಒಂದು ಲೀಟರ್ ಗ್ಯಾಸಿನಲ್ಲಿ ಅಣುಗಳೇ ನೂರಕ್ಕೆ ಒಂಬತ್ತರಷ್ಟು ಕಡಿಮೆ. ಹಾಗಾಗಿ 4 ಎಂಎಲ್ ಬದಲು 3.7. ಸಿಲಿಕಾ ಜೆಲ್ ನೀರು ಹೀರಿದ ಮೇಲೆ ಫ್ಲೋ ಮೀಟರ್ ಇರೋದರಿಂದ ಬರೋ ಪಿಪಿಎಂ ಒಣ ಹೊಗೆಯದ್ದು, ರಿಪೋರ್ಟಿನಲ್ಲಿ ಹಾಗಂತ ಬರಿ ಮಗಳೇ.

ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ಮಾತ್ರ ಎಂಜಿನ್ ಓಡಿಸಬೇಡ. ಅಮೋನಿಯಾ ಘಾಟು ಎಚ್ಚರಿಸುತ್ತೆ, ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ.

ಡೇಟಾ ಕೆಲಸ, ಚಿಕ್ಕಬಳ್ಳಾಪುರ

ಊಹಿಸುವ ಭಾಗಕ್ಕೆ ನಾನು ಸ್ವಲ್ಪ ಹೇಳ್ತೀನಿ. ಅಕ್ಕ, ಮೊದಲಿಗೇ ನ್ಯೂರಲ್ ನೆಟ್‌ವರ್ಕ್ ಅಂತ ಹೊರಡಬೇಡಿ. ಈ ವಿಧಾನದಲ್ಲಿ ಒಂದು ಓಟಕ್ಕೆ ಸಿಗೋದು ಒಂದೇ ಸಂಖ್ಯೆ. ಇಪ್ಪತ್ತು ಓಟ ಮಾಡಿದರೆ ಇಪ್ಪತ್ತು ಸಾಲು. ಅದಕ್ಕೆ ಎರಡು, ಹೆಚ್ಚೆಂದರೆ ಮೂರು ಅಂಶ ಹೊಂದಿಸಬಹುದು.

ನಾನಾಗಿದ್ದರೆ ಒಂದನ್ನ ಆರಿಸ್ತಿದ್ದೆ: ಕನ್ವರ್ಟರ್ ಬಿಸಿಯಾದ ಮೇಲೆ ಎಷ್ಟು ಸೆಕೆಂಡು ಮಿಕ್ಸ್ಚರ್ ರಿಚ್ ಇತ್ತು. ಕನ್ವರ್ಟರ್ ಆಚೆ ಇರೋ ಎರಡನೇ ಆಕ್ಸಿಜನ್ ಸೆನ್ಸರ್ 0.1ರಿಂದ 0.9 ವೋಲ್ಟ್ ತನಕ ಆಡುತ್ತೆ, ಜಾಸ್ತಿ ಅಂದರೆ ರಿಚ್. ಅದು 0.7 ದಾಟಿ ಕೂತ ಸೆಕೆಂಡುಗಳನ್ನ ಆಗಿನ ಗಾಳಿಯ ಹರಿವಿನಿಂದ ಗುಣಿಸಿ ಕೂಡಿಸಿ. ಇಪ್ಪತ್ತು ಪ್ಯಾರಾಮೀಟರ್ ಒಟ್ಟಿಗೆ ಕೇಳಿದರೆ ಬ್ಲೂಟೂತ್ ಡಾಂಗಲ್ ನಿಧಾನ ಆಗುತ್ತೆ. ಆರ್‌ಪಿಎಂ, ಸ್ಪೀಡು, ಗಾಳಿಯ ಹರಿವು, ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲ್ ತಿದ್ದೋ ಪ್ರಮಾಣ), ಎರಡನೇ ಸೆನ್ಸರ್, ಕನ್ವರ್ಟರ್ ತಾಪ, ಇಷ್ಟೇ ಸಾಕು. ತಾಪ ಅನೇಕ ಗಾಡಿಗಳಲ್ಲಿ ಇಸಿಯು ತಾನೇ ಅಂದಾಜು ಮಾಡಿ ಕೊಡೋದು, ಅಳೆದದ್ದಲ್ಲ ಅನ್ನೋದು ನೆನಪಿರಲಿ.

ಪೆಡಲ್ ಬಿಟ್ಟಾಗ ಪೆಟ್ರೋಲ್ ಪೂರ್ತಿ ನಿಲ್ಲುತ್ತೆ, ಕನ್ವರ್ಟರ್ ತುಂಬ ಆಕ್ಸಿಜನ್ ತುಂಬಿಕೊಳ್ಳುತ್ತೆ. ಮತ್ತೆ ಒತ್ತಿದಾಗ ಅದನ್ನ ಖಾಲಿ ಮಾಡೋಕೆ ಇಸಿಯು ಬೇಕಂತಲೇ ಸ್ವಲ್ಪ ರಿಚ್ ಕೊಡುತ್ತೆ. ಅಮೋನಿಯಾ ಸಣ್ಣ ಸಣ್ಣ ಶಿಖರವಾಗಿ ಬರೋದು ಅಲ್ಲಿ. ಹಂಪು, ಸಿಗ್ನಲ್ಲು, ಒತ್ತಿ ಬಿಡೋ ಸಿಟಿ ಡ್ರೈವಿಂಗು ಸಮಾನ ವೇಗದ ಹೈವೇಗಿಂತ ಕೆಟ್ಟದ್ದು ಇದೇ ಕಾರಣಕ್ಕೆ.

ಮುಂದೆ ಯಾವತ್ತಾದರೂ ಸೆಕೆಂಡ್-ಸೆಕೆಂಡಿನ ಮೆಷಿನ್ ಡೇಟಾ ಸಿಕ್ಕರೆ ಒಂದು ತಪ್ಪು ಮಾಡಬೇಡಿ. ಸೆಕೆಂಡುಗಳನ್ನ ಕಲಸಿ ಎಂಬತ್ತು ಭಾಗ ಕಲಿಯೋಕೆ, ಇಪ್ಪತ್ತು ಭಾಗ ಪರೀಕ್ಷೆಗೆ ಅಂತ ಹಂಚೋದು. 41ನೇ ಸೆಕೆಂಡೂ 42ನೇ ಸೆಕೆಂಡೂ ಅವಳಿ ಮಕ್ಕಳಿದ್ದ ಹಾಗೆ. ಒಂದನ್ನ ನೋಡಿಕೊಂಡ ಮಾಡೆಲ್ ಇನ್ನೊಂದಕ್ಕೆ ಉತ್ತರ ಕಾಪಿ ಹೊಡೆಯುತ್ತೆ, ಗ್ರಾಫು ಅದ್ಭುತವಾಗಿ ಕಾಣುತ್ತೆ, ಹೊಸ ಗಾಡಿಗೆ ಹಾಕಿದ ದಿನ ಮಕಾಡೆ ಮಲಗುತ್ತೆ. ಒಂದು ಪೂರ್ತಿ ಕಾರನ್ನೇ ಬಚ್ಚಿಟ್ಟು, ಅದರ ಮೇಲೆ ಪರೀಕ್ಷೆ ಮಾಡಿ.

ಕ್ಯಾಲಿಬ್ರೇಶನ್ ಕೆಲಸದವನು

ಹಿಂಡಿ ಲ್ಯಾಬಿನ ಮೇಡಂ, ಕೈ ಮುಗೀತೀನಿ. ಇದು ನನಗೆ ಹೊಳೆದಿರಲಿಲ್ಲ. ಒಂದು ಕೊರತೆ ಹೇಳಲೇಬೇಕು. ಪಂಪು ಸದಾ 2 ಲೀಟರೇ ಎಳೆಯುತ್ತೆ, ಆದರೆ ಐಡಲ್‌ನಲ್ಲಿ ಸೈಲೆನ್ಸರಿನಿಂದ ಬರೋದು ಸ್ವಲ್ಪ, ಏರಿನಲ್ಲಿ ಅದರ ಹಲವು ಪಟ್ಟು. ಅಮೋನಿಯಾ ಜಾಸ್ತಿ ಇರೋದೂ ಏರಿನಲ್ಲೇ. ಬಾಟಲಿ ಎರಡು ಹೊತ್ತಿಗೂ ಸಮ ಬೆಲೆ ಕೊಡೋದರಿಂದ ಕಿಲೋಮೀಟರಿಗೆ ಇಷ್ಟು ಮಿಲಿಗ್ರಾಂ ಅಂತ ಲೆಕ್ಕ ಹಾಕಿದರೆ ನಿಜಕ್ಕಿಂತ ಕಡಿಮೆ ಬರುತ್ತೆ. ಓಟವನ್ನ ತುಂಡು ಮಾಡಿ: ಸಮತಟ್ಟಿಗೆ ಒಂದು ಜೊತೆ ಬಾಟಲಿ, ಏರಿಗೆ ಇನ್ನೊಂದು ಜೊತೆ.

ಬಟವಾಡಿ ಹುಡುಗಿ, ಮೂರು ವಾರದ ನಂತರ

ಎಲ್ಲರಿಗೂ ಥ್ಯಾಂಕ್ಸ್ ಹೇಳಿದರೆ ಸಾಲಲ್ಲ. ಮಾಡಿ ನೋಡಿದ್ದನ್ನ ಬರೀತೀನಿ.

ಬಂಪರಿಗೆ ಮರದ ಪೆಟ್ಟಿಗೆ ಕಟ್ಟಿ ಬಾಟಲಿಗಳನ್ನ ಹತ್ತಿಯಲ್ಲಿ ಸುತ್ತಿ ಕೂರಿಸಿದೆವು. ಮೊದಲ ಜೊತೆ ಹೈವೇಯಲ್ಲಿ, ಕ್ಯಾತ್ಸಂದ್ರದಿಂದ ದಾಬಸ್‌ಪೇಟೆ ಕಡೆಗೆ ಒಂದೇ ವೇಗದಲ್ಲಿ. ಎರಡನೇ ಜೊತೆ ನಾಮದ ಚಿಲುಮೆ ದಾಟಿ ದೇವರಾಯನದುರ್ಗದ ಏರಿನಲ್ಲಿ. ಮೂರನೇದು ಬ್ಲಾಂಕ್, ಗ್ಯಾರೇಜ್ ಹಿಂದಿನ ಬಯಲಿನಲ್ಲಿ ಬರೀ ಗಾಳಿ ಎಳೆದದ್ದು. ಏರಿನ ಓಟ ಮುಗಿಸಿ ಟ್ಯೂಬ್ ಬಿಚ್ಚಿದಾಗ ಒಳಗೆ ಹನಿ ಸಾಲುಗಟ್ಟಿತ್ತು. ಮೇಡಂ ಹೇಳದೇ ಇದ್ದಿದ್ದರೆ ಖಂಡಿತ ಕೊಡವಿ ಚೆಲ್ಲಿರ್ತಿದ್ದೆ.

ಲ್ಯಾಬಿನಲ್ಲಿ ಡಿಸ್ಟಿಲೇಶನ್ ಶುರುವಾದಾಗ ಬ್ಲಾಂಕಿನ ಬೋರಿಕ್ ಆಮ್ಲ ನಸುಗೆಂಪಾಗೇ ಉಳೀತು (ಅಮೋನಿಯಾ ಸೇರಿದರೆ ಅದರಲ್ಲಿನ ಸೂಚಕ ಹಸಿರಾಗುತ್ತೆ). ಹೈವೇ ಬಾಟಲಿದು ನಿಧಾನಕ್ಕೆ ಬೂದಿ ಬಣ್ಣಕ್ಕೆ ತಿರುಗಿ ತಿಳಿ ಹಸಿರಾಯಿತು. ಬೆಟ್ಟದ ಬಾಟಲಿ ಒಂದು ನಿಮಿಷದೊಳಗೆ ಗಾಢ ಹಸಿರು. ಬ್ಲಾಂಕಿಗೆ ಬ್ಯೂರೆಟ್ಟಿನಿಂದ ಒಂದೆರಡು ಹನಿ ಸಾಕಾಯಿತು. ಬೆಟ್ಟದ್ದಕ್ಕೆ ನಲ್ಲಿ ತೆರೆದು ಹಿಡಿದು ಕಾಯಬೇಕಾಯಿತು, ಮತ್ತೆ ನಸುಗೆಂಪು ಬರೋ ತನಕ. ಅಪ್ಪನೂ ಬಂದಿದ್ದರು. ಫ್ಲಾಸ್ಕ್ ನೋಡ್ತಾ “ನನ್ನ ಮೂಗು ಸುಳ್ಳು ಹೇಳಿರಲಿಲ್ಲ ನೋಡು” ಅಂದರು.

ಗುಬ್ಬಿ ಗೇಟ್ ಅಣ್ಣ ಹೇಳಿದ ಹಾಗೆ ಮುಂದಿನ ಸೆನ್ಸರ್ ನಿಧಾನ ಆಗಿತ್ತು, ಬದಲಾಯಿಸಿದೆವು. ಹೈವೇ ಬಾಟಲಿ ಈಗ ಬ್ಲಾಂಕಿಗೆ ಹತ್ತಿರ ಹತ್ತಿರ. ಬೆಟ್ಟದ್ದು ಕಡಿಮೆಯಾಗಿದೆ, ಆದರೆ ಹಸಿರಾಗೋದು ನಿಂತಿಲ್ಲ. ಲಾಗ್ ನೋಡಿದರೆ ಕಡಿದಾದ ತಿರುವುಗಳಲ್ಲಿ ಪೆಡಲ್ ಪೂರ್ತಿ ಒತ್ತಿದಾಗ ಎರಡನೇ ಸೆನ್ಸರ್ ಈಗಲೂ 0.8ರ ಮೇಲೆ ಹೋಗಿ ನಿಲ್ಲುತ್ತೆ. ಹೊಸ ಸೆನ್ಸರ್ ಹಾಕಿದ ಮೇಲೂ ಯಾಕೆ?

ಕ್ಯಾಲಿಬ್ರೇಶನ್ ಕೆಲಸದವನು

ಅದು ದೋಷ ಅಲ್ಲ ತಂಗಿ, ಹಾಗೇ ಬರೆದಿರೋದು. ಪೂರ್ತಿ ಲೋಡಿನಲ್ಲಿ ಹೊಗೆ ತುಂಬ ಬಿಸಿಯಾಗಿ ಕನ್ವರ್ಟರೇ ಸುಟ್ಟುಹೋಗಬಾರದು ಅಂತ ಇಸಿಯು ಹೆಚ್ಚುವರಿ ಪೆಟ್ರೋಲ್ ಹಾಕಿ ತಣ್ಣಗೆ ಮಾಡುತ್ತೆ. ಒಂದು ಗೇರ್ ಇಳಿಸಿ, ಪೆಡಲ್ ಮುಕ್ಕಾಲಿಗೆ ಹಿಡಿದು ಅದೇ ಏರು ಹತ್ತಿಸಿ ನೋಡಿ. ರಿಚ್ ಸೆಕೆಂಡು ಎಷ್ಟು ಇಳಿಯುತ್ತೆ, ಬ್ಯೂರೆಟ್ ಎಷ್ಟು ಇಳಿಯುತ್ತೆ ಎರಡನ್ನೂ ಇಲ್ಲಿ ಹಾಕಿ. ನಿಮ್ಮ ಮಾಡೆಲ್ಲಿಗೆ ಅದಕ್ಕಿಂತ ಒಳ್ಳೆ ಪರೀಕ್ಷೆ ಇಲ್ಲ.

ಗುಬ್ಬಿ ಗೇಟ್ ಮೆಕ್ಯಾನಿಕ್

ನನ್ನ ಹತ್ರ ಸಿಎನ್‌ಜಿ ಕಾರು ಒಂದೈತೆ, ಅದನ್ನೂ ಹತ್ತಿಸ್ಬೋದಾ?

ಕ್ಯಾಲಿಬ್ರೇಶನ್ ಕೆಲಸದವನು

ಖಂಡಿತ ಅಣ್ಣ. ಸಿಎನ್‌ಜಿ ಎಂಜಿನ್ನಿಗೂ ಅದೇ ಥರದ ಕನ್ವರ್ಟರು, ಅಮೋನಿಯಾ ಅದರಲ್ಲೂ ಬರುತ್ತೆ.

ಹಿಂಡಿ-ಬೂಸಾ ಲ್ಯಾಬ್

ಎರಡೂ ಗಾಡಿ ಬಾಟಲಿ ಒಟ್ಟಿಗೆ ತನ್ನಿ. ಮಂಗಳವಾರ ಮಧ್ಯಾಹ್ನ ಮೂರರ ಮೇಲೆ ಯೂನಿಟ್ ಖಾಲಿ ಇರುತ್ತೆ. ಬಾಟಲಿ ಮೇಲೆ ಗಾಡಿ, ಓಟ, ಹೊತ್ತು ಮೂರನ್ನೂ ಬರೆದು ಅಂಟಿಸಿ. ಈ ಸಲ ಬ್ಲಾಂಕನ್ನ ಬೆಟ್ಟದ ಮೇಲೂ ಒಂದು ಎಳೆದುಕೊಂಡು ಬನ್ನಿ.